ತರಲೆಯ ಬಾಯಿ, ಅಪ್ಪನ ಕತ್ತರಿ

"ಬಾಯಿ ಮುಚ್ತೀಯೋ ಇಲ್ವೋ?"

"ಬಾಯಿ ಮುಚ್ಚಿದ್ರೆ ಕಟಿಂಗ್ ಚೆನ್ನಾಗಿ ಬರತ್ತಾ, ಅಪ್ಪ?"

"ನೀನು ಮಾತಾಡಿದ್ರೆ ತಲೆ ಅಲ್ಲಾಡತ್ತೆ. ತಲೆ ಅಲ್ಲಾಡಿದ್ರೆ ಕತ್ತರಿ ಜಾರತ್ತೆ. ಕತ್ತರಿ ಜಾರಿದ್ರೆ ಕಿವಿ ಹೋಗತ್ತೆ. ಈಗ ಹೇಳು, ಕಿವಿ ಬೇಕಾ, ಮಾತು ಬೇಕಾ?"

ತರಲೆ ಯೋಚಿಸಿದಳು. ಮಾತೇ ಬೇಕು ಅನ್ನಿಸಿತು. ಆದರೂ ಬಾಯಿ ಮುಚ್ಚಿದಳು.

ಅಡುಗೆಮನೆಯ ನಡುವೆ ಒಂದು ಸ್ಟೂಲು. ಸ್ಟೂಲಿನ ಮೇಲೆ ತರಲೆ. ಅವಳ ಕುತ್ತಿಗೆಗೆ ಸುತ್ತಿದ್ದು ಹಳೇ ಬೆಡ್‌ಶೀಟು. ಹಿಂದೆ ಕತ್ತರಿ ಹಿಡಿದು ನಿಂತಿದ್ದವರು ಅಪ್ಪ. ಬೀದಿಯ ತಿರುವಿನಲ್ಲಿರುವ ಕಟಿಂಗ್ ಅಂಗಡಿ ಅವರದೇ.

ತರಲೆ ಅನ್ನುವುದು ಅವಳ ನಿಜವಾದ ಹೆಸರಲ್ಲ. ನಿಜವಾದ ಹೆಸರು ಶಾಲೆಯ ಹಾಜರಿಗೆ ಮಾತ್ರ. ಮಾತು ಕಲಿತ ದಿನದಿಂದ ಅವಳು ಮಾತು ನಿಲ್ಲಿಸಿಲ್ಲ ಅಂತ ಅಜ್ಜಿ ಇಟ್ಟ ಹೆಸರು ಇದು. ಲಾಕ್‌ಡೌನ್ ಬಂದ ಮೇಲಂತೂ ಕೇಳಬೇಡಿ. ಶಾಲೆಯಲ್ಲಿ ಹಂಚಿ ಹೋಗುತ್ತಿದ್ದ ಮಾತೆಲ್ಲ ಒಂದೇ ಮನೆಯೊಳಗೆ ಸುರಿಯತೊಡಗಿತು. ಊರಿನ ಜನ ಲಾಕ್‌ಡೌನ್ ಮುಗಿಯಲಿ ಅಂತ ಕಾದದ್ದು ಹೊರಗೆ ಹೋಗುವುದಕ್ಕೆ. ಈ ಮನೆಯವರು ಕಾದದ್ದು ತರಲೆಯನ್ನು ಹೊರಗೆ ಕಳಿಸುವುದಕ್ಕೆ.

ಅಂತೂ ಇಂತೂ ಆ ದಿನ ಬಂತು. ನಾಳೆ ಅಂಗಡಿ ಓಪನ್. ನಾಡಿದ್ದು ಸ್ಕೂಲು ಓಪನ್!

ತರಲೆ ನಾಡಿದ್ದಿಗಾಗಿ ಹಪಹಪಿಸುತ್ತಿದ್ದಳು. ಅವಳಿಗೆ ಬೇಕಾಗಿದ್ದು ದೊಡ್ಡ ದೊಡ್ಡ ಸಂಗತಿಗಳೇನಲ್ಲ. ಬೆಲ್ ಹೊಡೆದ ಕೂಡಲೇ ಬಾಗಿಲಲ್ಲಿ ನೂಕಾಡಬೇಕು. ನಲ್ಲಿಯ ಹತ್ತಿರ ನೀರು ಎರಚಬೇಕು. ಮಿಸ್ಸಿನ ಕೈಲಿ ಎದುರೆದುರೇ ಬೈಸಿಕೊಳ್ಳಬೇಕು. ಆನ್‌ಲೈನ್ ಕ್ಲಾಸಿನಲ್ಲಿ ಬೈಯುವುದಿಲ್ಲ, ಸುಮ್ಮನೆ ಮ್ಯೂಟ್ ಮಾಡಿಬಿಡುತ್ತಾರೆ. ಅವಳು ಎಷ್ಟು ಒಳ್ಳೊಳ್ಳೆ ಜೋಕು ಹೇಳಿದ್ದಳೋ, ಒಂದೂ ಯಾರ ಕಿವಿಗೂ ಬಿದ್ದಿಲ್ಲ. ಶಾಲೆ ಮುಗಿಸಿ ಬರುವಾಗ ಅಪ್ಪನ ಅಂಗಡಿಗೆ ನುಗ್ಗಬೇಕು, ಬೆಂಚಿನ ಮೇಲೆ ಕೂತು ಊರಿನವರ ಸುದ್ದಿಯನ್ನೆಲ್ಲ ಕೇಳಬೇಕು. ಇವೆಲ್ಲಕ್ಕೂ ಮುಂಚೆ ಕಣ್ಣಿನ ಮೇಲೆ ಬೀಳುತ್ತಿರುವ ಈ ಕೂದಲು ಹೋಗಬೇಕು.

ಅಡುಗೆಮನೆ ಗಪ್‌ಚಿಪ್ಪಾಯಿತು. ಕತ್ತರಿ ಒಂದು ಸಲ ಕಚ್ ಅಂದಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ ಕಚ್.

"ಎಡಗಡೆ ಸ್ವಲ್ಪ ಜಾಸ್ತಿ ಆಯ್ತು," ಅಂದರು ಅಪ್ಪ. ಬಲಗಡೆ ಕಚ್.

"ಈಗ ಬಲಗಡೆ ಜಾಸ್ತಿ ಆಯ್ತಲ್ಲ..." ಎಡಗಡೆ ಕಚ್.

ತರಲೆಗೆ ಒಳಗೊಳಗೇ ಏನೋ ಅನುಮಾನ ಬಂತು. ಆದರೆ ಮಾತಾಡಿದರೆ ಕಿವಿ ಹೋಗುತ್ತದಲ್ಲ! ತುಟಿ ಕಚ್ಚಿಕೊಂಡು ಕೂತಳು. ಕೂದಲು ಬೆಡ್‌ಶೀಟಿನ ಮೇಲೆ ಬೀಳುತ್ತಲೇ ಇತ್ತು, ಬೀಳುತ್ತಲೇ ಇತ್ತು.

ಅಷ್ಟರಲ್ಲಿ ಅಜ್ಜಿ ನೀರು ಕುಡಿಯಲು ಒಳಗೆ ಬಂದರು. ಮೊಮ್ಮಗಳನ್ನು ನೋಡಿದರು. ಲೋಟವನ್ನು ಕೆಳಗಿಟ್ಟು ಹಲ್ಲಿನ ಸೆಟ್ಟು ಕೈಗೆ ಬರುವ ಹಾಗೆ ನಕ್ಕರು.

ತರಲೆ ಸ್ಟೂಲಿನಿಂದ ಹಾರಿ ಬಚ್ಚಲುಮನೆಯ ಕನ್ನಡಿಗೆ ಓಡಿದಳು. ಎಡಕಿವಿಯ ಮೇಲೆ ಬೋಳು. ಬಲಕಿವಿಯ ಮೇಲೆ ಒಂದು ಪೊದೆ. ಹಣೆಯ ಮೇಲೆ ಕೂದಲು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿತ್ತು.

"ಅಮ್ಮಾ..." ಅಂತ ಅವಳು ಅರಚಿದ್ದು ಮೂರನೇ ಮಹಡಿಯವರಿಗೂ ಕೇಳಿಸಿತು.

ಅಮ್ಮ ಹೊಲಿಗೆ ಮೆಷಿನ್ ಬಿಟ್ಟು ಓಡಿ ಬಂದಳು. ಲಾಕ್‌ಡೌನ್ ಪೂರ್ತಿ ಮಾಸ್ಕ್ ಹೊಲಿದು ಹೊಲಿದು ಅವಳಿಗೆ ಕತ್ತರಿ ಕಂಡರೇ ಆಗುತ್ತಿರಲಿಲ್ಲ.

"ಅಯ್ಯೋ ದೇವರೇ! ರೀ, ಏನ್ರೀ ಇದು? ಊರೋರಿಗೆಲ್ಲ ನೀಟಾಗಿ ಮಾಡ್ತೀರ, ಹೆತ್ತ ಮಗಳಿಗೆ ಹಿಂಗಾ? ಬಟ್ಟೆಯಾಗಿದ್ರೆ ಒಂದ್ ತುಂಡು ಸೇರ್ಸಿ ಹೊಲೀತಿದ್ದೆ. ಕೂದಲಿಗೆ ಎಲ್ಲಿಂದ ತೇಪೆ ಹಾಕ್ಲಿ?"

"ನಾನು ಸ್ಕೂಲಿಗೆ ಹೋಗಲ್ಲ!" ತರಲೆ ನೆಲಕ್ಕೆ ಕಾಲು ಅಪ್ಪಳಿಸಿದಳು. "ಇನ್ನೊಂದು ಲಾಕ್‌ಡೌನ್ ಹಾಕ್ಸಿ! ನನ್ನ ಕೂದಲು ಬೆಳೆಯೋ ತನಕ ಹಾಕ್ಸಿ!"

"ಬಾಯಿ ಮುಚ್ಚೇ," ಅಂದರು ಅಜ್ಜಿ, ಕಣ್ಣೊರೆಸಿಕೊಳ್ಳುತ್ತಾ. "ಇನ್ನೊಂದು ಲಾಕ್‌ಡೌನ್ ಆದ್ರೆ ನಾನೇ ಮನೆ ಬಿಟ್ಟು ಹೋಗ್ತೀನಿ."

ಬೇರೆ ದಿನವಾಗಿದ್ದರೆ ಅಪ್ಪ "ಇದು ಹೊಸ ಸ್ಟೈಲು" ಅಂತಲೋ ಏನೋ ಹೇಳಿ ನಗಿಸುತ್ತಿದ್ದರು. ಈಗ ಕತ್ತರಿಯನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಪೊರಕೆ ತಂದು ನೆಲದ ಕೂದಲು ಗುಡಿಸಿದರು.

ಸಂಜೆ ತರಲೆ ಮುಖ ಊದಿಸಿಕೊಂಡು ಬಾಲ್ಕನಿಯ ಬಾಗಿಲಿನ ಹಿಂದೆ ಕೂತಿದ್ದಳು. ಹೊರಗೆ ಅಪ್ಪ ಅಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದರು.

"ಕೈ ಹೋಗಿದೆ ಕಣೇ," ಅಂದರು ಅಪ್ಪ.

"ಏನ್ ಹೋಗಿರೋದು? ಎರಡೂ ಇದ್ಯಲ್ಲ!"

"ತಮಾಷೆ ಅಲ್ಲ. ಮುಂಚೆ ಕತ್ತರಿ ತಾನೇ ಓಡ್ತಿತ್ತು. ಇವತ್ತು ಹೆಜ್ಜೆ ಹೆಜ್ಜೆಗೂ ನಿಂತ್ಹೋಗ್ತಿತ್ತು. ಎಲ್ಲಿ ಕಟ್ ಮಾಡ್ಬೇಕು ಅಂತಾನೇ ತೋಚಲಿಲ್ಲ. ನಾಳೆ ಮೊದಲನೇ ಗಿರಾಕಿಗೆ ಹಿಂಗೇ ಮಾಡಿದ್ರೆ, ಇನ್ನೊಬ್ಬ ಒಳಗೆ ಕಾಲಿಡ್ತಾನಾ?"

ಅಮ್ಮ ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು. ಅದನ್ನು ನೋಡಿ ತರಲೆಗೆ ಭಯವಾಯಿತು. ಊದಿಸಿಕೊಂಡಿದ್ದ ಮುಖ ತಾನೇ ಇಳಿಯಿತು. ತಲೆಯ ಪೊದೆಯನ್ನು ಕೈಯಲ್ಲಿ ಮುಟ್ಟಿ ನೋಡಿಕೊಂಡಳು. ನಾಳೆ ಎಲ್ಲರ ತಲೆಯೂ ಹೀಗೇ ಆದರೆ? ಅಪ್ಪನ ಅಂಗಡಿಯೇ ಇಲ್ಲವಾದರೆ?

ಬೆಳಿಗ್ಗೆ ಅಮ್ಮ ಅವಳ ಕೈಗೆ ಸ್ಯಾನಿಟೈಸರ್ ಬಾಟಲಿ ಕೊಟ್ಟಳು.

"ನೀನೂ ಅಪ್ಪನ ಜೊತೆ ಹೋಗು. ಬಂದೋರ ಕೈಗೆ ಇದನ್ನ ಹಾಕು. ಮತ್ತೆ..."

"ಗೊತ್ತು. ಬಾಯಿ ಮುಚ್ಕೊಂಡಿರ್ಬೇಕು."

ಅಜ್ಜಿ ಪೆಟ್ಟಿಗೆಯಿಂದ ತಮ್ಮ ಉಲ್ಲನ್ ಟೋಪಿ ತೆಗೆದು ಅವಳ ತಲೆಗೆ ಹಾಕಿದರು. ಟೋಪಿ ಹುಬ್ಬಿನವರೆಗೆ ಇಳಿಯಿತು, ಕೆಳಗಿನಿಂದ ಮಾಸ್ಕ್ ಮೇಲೇರಿತು. ನಡುವೆ ಉಳಿದದ್ದು ಎರಡು ಕಣ್ಣು ಮಾತ್ರ. ಹೊರಗೆ ಬಿಸಿಲು ಚುರುಚುರು ಅನ್ನುತ್ತಿತ್ತು.

ಅಂಗಡಿಯ ಶಟರು ತುಕ್ಕು ಹಿಡಿದಿತ್ತು. ಅಪ್ಪ ಎಳೆದರು, ಒದ್ದರು, ಬೈದರು. ಕೊನೆಗೆ ಅದು ಕಿರ್ರೆಂದು ಮೇಲೆ ಹೋಯಿತು. ಒಳಗೆ ಎಲ್ಲವೂ ಇದ್ದ ಹಾಗೇ ಇತ್ತು. ಗೋಡೆಯ ಕ್ಯಾಲೆಂಡರು ಹಳೇ ತಿಂಗಳಲ್ಲೇ ನಿಂತಿತ್ತು. ಗಿರಕಿ ಹೊಡೆಯುವ ದೊಡ್ಡ ಕುರ್ಚಿಯ ಮೇಲೆ ಒಂದು ಹಲ್ಲಿ ಯಜಮಾನನ ಹಾಗೆ ಕೂತಿತ್ತು.

"ಕಟಿಂಗಾ, ಶೇವಿಂಗಾ?" ಅಂತ ತರಲೆ ಅದನ್ನು ಕೇಳಿದಳು. ಹಲ್ಲಿ ಓಡಿಹೋಯಿತು. ಅಪ್ಪ ನಗಲಿಲ್ಲ.

ಇಬ್ಬರೂ ಸೇರಿ ಗುಡಿಸಿದರು, ಒರೆಸಿದರು, ಎದುರಿನ ದೊಡ್ಡ ಕನ್ನಡಿಯನ್ನು ಫಳಫಳ ಹೊಳೆಯುವ ಹಾಗೆ ಉಜ್ಜಿದರು. ನಗರಸಭೆ ಆಫೀಸಿನವರು ಕೊಟ್ಟಿದ್ದ ಕಾಗದವನ್ನು ಅಪ್ಪ ಕನ್ನಡಿಯ ಪಕ್ಕ ಅಂಟಿಸಿದರು. 'ಮಾಸ್ಕ್ ಕಡ್ಡಾಯ. ಅನಗತ್ಯ ಮಾತು ಬೇಡ.'

ಬಾಗಿಲ ಹೊರಗೆ ಬಿಳಿ ಬಣ್ಣದಲ್ಲಿ ವೃತ್ತಗಳನ್ನು ಬರೆದಿದ್ದರು. ಒಂದೊಂದು ವೃತ್ತದಲ್ಲೂ ಆಗಲೇ ಒಬ್ಬೊಬ್ಬರು ನಿಂತಿದ್ದರು. ಅಬ್ಬಾ, ಆ ತಲೆಗಳೋ! ಹಾಲಿನಣ್ಣನ ಕೂದಲು ಹೆಗಲಿಗೆ ಬಂದಿತ್ತು. ಮೆಡಿಕಲ್ ಸ್ಟೋರಿನವರು ಹೆಂಡತಿಯ ಹೇರ್‌ಬ್ಯಾಂಡ್ ಹಾಕಿಕೊಂಡು ಬಂದಿದ್ದರು. ಎಲ್ಲರಿಗಿಂತ ಮುಂದೆ, ಮೊದಲನೇ ವೃತ್ತದಲ್ಲಿ, ಅಟೆನ್ಷನ್‌ನಲ್ಲಿ ನಿಂತಿದ್ದವರು ತರಲೆಯ ಶಾಲೆಯ ಡ್ರಿಲ್ ಮೇಷ್ಟ್ರು. ಅವರ ತಲೆಯ ಹಿಂದೆ ಒಂದು ಪುಟ್ಟ ಜುಟ್ಟು, ಅದಕ್ಕೊಂದು ರಬ್ಬರ್ ಬ್ಯಾಂಡು.

ತರಲೆ ಅವರ ಕೈಗೆ ಸ್ಯಾನಿಟೈಸರ್ ಹಾಕಿದಳು.

"ಯಾರಿದು? ಈ ಸೆಕೆಯಲ್ಲಿ ಟೋಪಿ ಯಾಕೆ? ತಲೆ ಕಾದ್ರೆ ಜ್ವರ ಬರತ್ತೆ. ಜ್ವರ ಬಂದ್ರೆ ಎಲ್ಲರಿಗೂ ಟೆಸ್ಟು. ತೆಗಿ ಟೋಪಿ!"

ಡ್ರಿಲ್ ಮೇಷ್ಟ್ರು 'ತೆಗಿ' ಅಂದರೆ ಕೈ ತಾನೇ ತೆಗೆಯುತ್ತದೆ, ಅದು ಒಂದನೇ ಕ್ಲಾಸಿನಿಂದ ಬಂದ ಅಭ್ಯಾಸ. ಟೋಪಿ ಕೈಗೆ ಬಂತು.

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

"ಇದನ್ನ... ಯಾರು ಮಾಡಿದ್ದು?" ಅಂದರು ಮೇಷ್ಟ್ರು.

ಹಾಲಿನಣ್ಣ ತನ್ನ ವೃತ್ತದಿಂದ ಹಿಂದೆ ಸರಿದ. "ನಾನು ಹಾಲು ಒಲೆ ಮೇಲಿಟ್ಟು ಬಂದೆ ಅನ್ಸತ್ತೆ," ಅಂತ ಗೊಣಗಿದ. ಮೆಡಿಕಲ್ ಸ್ಟೋರಿನವರು ಹೇರ್‌ಬ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ತರಲೆ ಒಳಗೆ ನೋಡಿದಳು. ಅಪ್ಪ ಕೈಯಲ್ಲಿ ಬಿಳಿ ಬಟ್ಟೆ ಹಿಡಿದು ಹಾಗೇ ನಿಂತಿದ್ದರು. ಅವರ ಕಣ್ಣು ಕೆಳಗಿತ್ತು.

"ನಾನೇ ಸಾರ್," ಅಂದಳು ತರಲೆ. "ನಾನೇ ಕಟ್ ಮಾಡ್ಕೊಂಡೆ. ಅಪ್ಪ ಮಲಗಿದ್ರು, ನಾನು ಕತ್ತರಿ ಕದ್ದೆ."

"ಭೇಷ್! ಅಂಥಾ ಒಳ್ಳೇ ಕೈ ಇರೋ ಅಪ್ಪನ್ನ ಮನೇಲಿಟ್ಕೊಂಡು ನಿನಗ್ಯಾಕೆ ಬೇಕಿತ್ತು ಈ ಅಧಿಕಪ್ರಸಂಗ? ಸ್ಕೂಲಿಗೆ ಬಾ, ಗ್ರೌಂಡ್ ಸುತ್ತ ರೌಂಡ್ ಹೊಡೆಸ್ತೀನಿ."

ಎದುರೆದುರೇ ಬೈಸಿಕೊಳ್ಳಬೇಕು ಅಂತ ಆಸೆಪಟ್ಟಿದ್ದಳಲ್ಲ, ಸಿಕ್ಕಿತು. ಅಂದುಕೊಂಡಷ್ಟು ಚೆನ್ನಾಗಿರಲಿಲ್ಲ. ಆದರೆ ಹಾಲಿನಣ್ಣ ತನ್ನ ವೃತ್ತಕ್ಕೆ ವಾಪಸ್ಸು ಬಂದ.

ಮೇಷ್ಟ್ರು ಕುರ್ಚಿಯಲ್ಲಿ ಕೂತರು. ಅಪ್ಪ ಬಟ್ಟೆ ಹೊದಿಸಿದರು, ನೀರು ಸ್ಪ್ರೇ ಮಾಡಿದರು, ಬಾಚಿದರು. ಕತ್ತರಿ ಎತ್ತಿದರು.

ಕಚ್.

ಆಮೇಲೆ ಏನೂ ಇಲ್ಲ.

ಬೆಂಚಿನ ಮೇಲೆ ಕೂತಿದ್ದ ತರಲೆ ತುದಿಗೆ ಸರಿದಳು. ಅಡುಗೆಮನೆಯಲ್ಲೂ ಹೀಗೇ ಆಗಿತ್ತು. ಅಪ್ಪ ತಲೆಯ ಹಿಂಭಾಗವನ್ನೇ ದಿಟ್ಟಿಸುತ್ತಿದ್ದರು. ಕತ್ತರಿ ಗಾಳಿಯಲ್ಲಿ ನಿಂತಿತ್ತು. ಗಾಜಿನ ಬಾಗಿಲಿನ ಆಚೆಯಿಂದ ಎಲ್ಲರೂ ಇಣುಕುತ್ತಿದ್ದರು. ಮೇಷ್ಟ್ರು ಗೋಡೆಯ ಕಾಗದ ನೋಡಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಫ್ಯಾನು ಮಾತ್ರ ಟಕ್ ಟಕ್ ಅಂತ ತಿರುಗುತ್ತಿತ್ತು.

ತರಲೆ ತಡೆದುಕೊಂಡಳು. ಫ್ಯಾನು ನೋಡಿದಳು. ಇನ್ನೂ ತಡೆದುಕೊಂಡಳು. ಆಗಲಿಲ್ಲ.

"ಸಾರ್, ಅವತ್ತು ಆನ್‌ಲೈನ್ ಡ್ರಿಲ್ ಕ್ಲಾಸಲ್ಲಿ ಬರೀ ನಿಮ್ಮನೆ ಫ್ಯಾನ್ ಯಾಕೆ ಕಾಣಿಸ್ತಿತ್ತು?"

"ತರಲೆ! ಬಾಯಿ..." ಅಪ್ಪ ಗದರಿದರು.

"ಅನಗತ್ಯ ಮಾತು ಬೇಡ ಅಂತ ತಾನೇ ಬರೆದಿರೋದು? ಇದು ತುಂಬಾ ಅಗತ್ಯ, ಅಪ್ಪ. ನಮ್ಮ ಇಡೀ ಕ್ಲಾಸಿಗೆ ಗೊತ್ತಾಗ್ಬೇಕು. ಸಾರ್ ಜಂಪ್ ಅಂದ್ರು, ನಾವೆಲ್ಲ ಜಂಪ್ ಮಾಡಿದ್ವಿ. ನೋಡಿದ್ರೆ ಸಾರೇ ಇಲ್ಲ! ಫ್ಯಾನ್ ಮಾತ್ರ ಇದೆ. ಒಳಗಿಂದ ಯಾರೋ ಅಯ್ಯಯ್ಯೋ ಅಂತಿದಾರೆ."

"ಅದು ನೆಟ್‌ವರ್ಕು ಹೋಗಿದ್ದು," ಅಂದರು ಮೇಷ್ಟ್ರು ಮಾಸ್ಕಿನೊಳಗಿಂದ.

"ನೆಟ್‌ವರ್ಕ್ ಹೋದ್ರೆ ಫ್ಯಾನ್ ತಿರುಗ್ತಿರತ್ತಾ ಸಾರ್?"

ಕನ್ನಡಿಯಲ್ಲಿ ಮೇಷ್ಟ್ರ ಹುಬ್ಬು ಮೇಲೆ ಹೋಯಿತು. ಅಪ್ಪ ಕಣ್ಣೆತ್ತಿ ಕನ್ನಡಿಯಲ್ಲಿ ಅವರ ಮುಖ ನೋಡಿದರು. ಮೇಷ್ಟ್ರು ಅಪ್ಪನ ಮುಖ ನೋಡಿದರು.

"ಏನ್ ಹೇಳ್ಲಿ ಹೇಳಿ," ಅಂದರು ಮೇಷ್ಟ್ರು ಕೊನೆಗೆ. "ಪೂರ್ತಿ ಕಾಣಿಸ್ಲಿ ಅಂತ ಮಂಚದ ಮೇಲೆ ನಿಂತು ಜಂಪ್ ಮಾಡಿದೆ. ಹಲಗೆ ಮುರಿದು ಮೊಣಕಾಲ ತನಕ ಒಳಗೆ ಹೋದೆ. ಫೋನು ಒಂದ್ ಕಡೆ, ನಾನು ಒಂದ್ ಕಡೆ."

"ಅಯ್ಯೋ! ಆಮೇಲೆ ಸಾರ್?" ಅಪ್ಪ ಕೇಳಿದರು.

"ಆಮೇಲೇನು, ನಮ್ಮನೆಯೋಳು ತರಕಾರಿ ತಗೊಂಡು ಬರೋ ತನಕ ಹಾಗೇ ನಿಂತಿದ್ದೆ. ಬಂದೋಳು ನನ್ನನ್ನ ಎತ್ತಲಿಲ್ಲ. ಮೊದಲು ಮಂಚ ಎಷ್ಟು ಮುರಿದಿದೆ ಅಂತ ನೋಡಿದ್ಲು!"

ಅಪ್ಪ ಹೊಟ್ಟೆ ಹಿಡಿದು ನಕ್ಕರು. ಆಗ ತರಲೆಗೆ ಆ ಸದ್ದು ಕೇಳಿಸಿತು.

ಚಕ್ ಚಕ್ ಚಕ್ ಚಕ್.

ಎಷ್ಟು ಕಾಲವಾಗಿತ್ತು ಈ ಸದ್ದು ಕೇಳಿ! ಅಂಗಡಿಯಲ್ಲಿ ಅಪ್ಪನ ಕತ್ತರಿ ಸುಮ್ಮನಿದ್ದದ್ದೇ ಇಲ್ಲ. ಕೂದಲು ಕತ್ತರಿಸುವಾಗಲೂ ಚಕ್ ಚಕ್, ಕತ್ತರಿಸದೆ ಬರೀ ಗಾಳಿಯಲ್ಲೂ ಚಕ್ ಚಕ್. ಗಿರಾಕಿ ಸುದ್ದಿ ಹೇಳಬೇಕು, ಅಪ್ಪ ಕನ್ನಡಿಯಲ್ಲಿ ಅವರ ಮುಖ ನೋಡಿ "ಆಮೇಲೆ?" ಅನ್ನಬೇಕು, ಕತ್ತರಿ ತನ್ನಷ್ಟಕ್ಕೆ ಓಡುತ್ತಿರಬೇಕು. ಬೆಂಚಿನ ಮೇಲೆ ಕೂತು ಅದನ್ನೇ ಅಲ್ಲವೇ ಅವಳು ದಿನಾ ನೋಡುತ್ತಿದ್ದದ್ದು!

ಮಂಚದ ಕತೆ ಮುಗಿಯಿತು. ಮೇಷ್ಟ್ರು ಸುಮ್ಮನಾದರು. ಕತ್ತರಿ ನಿಧಾನವಾಯಿತು. ಚಕ್... ಚಕ್...

"ನಮ್ಮಜ್ಜಿ ಏನ್ ಮಾಡಿದ್ರು ಗೊತ್ತಾ ಸಾರ್?" ಅಂದಳು ತರಲೆ ಅವಸರವಾಗಿ. "ಗಣಿತದ ಕ್ಲಾಸಲ್ಲಿ ಕ್ಯಾಮೆರಾ ಮುಂದೆ ಬಂದು ಮಿಸ್ಸಿಗೆ, ಊಟ ಆಯ್ತೇನಮ್ಮಾ, ಯಾಕಮ್ಮಾ ಇಷ್ಟು ಸೊರಗಿದ್ದೀಯ ಅಂದ್ರು. ಮಿಸ್ಸು ಅಳೋಕೆ ಶುರು ಮಾಡಿಬಿಟ್ರು. ಅವತ್ತು ಹೋಮ್‌ವರ್ಕೇ ಕೊಡ್ಲಿಲ್ಲ!"

ಚಕ್ ಚಕ್ ಚಕ್ ಚಕ್.

ತರಲೆ ಪರೀಕ್ಷೆ ಮಾಡಲೆಂದೇ ಒಂದು ಸಲ ಬಾಯಿ ಮುಚ್ಚಿದಳು. ಕತ್ತರಿ ತಡವರಿಸಿತು. ಬಾಯಿ ತೆರೆದಳು. ಓಡಿತು. ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ಮೂರನೇ ಮಹಡಿಯ ಅಂಕಲ್ಲು ಮಹಡಿ ಮೆಟ್ಟಿಲ ಮೇಲೆ ವಾಕಿಂಗ್ ಮಾಡಿ ಜಾರಿದ್ದು, ಅಮ್ಮ ತಪ್ಪಿ ಅಜ್ಜಿಯ ಸೀರೆಯಲ್ಲೇ ಮಾಸ್ಕ್ ಹೊಲಿದದ್ದು, ಮ್ಯೂಟ್ ಆಗಿದ್ದ ಜೋಕುಗಳು, ಎಲ್ಲವೂ ಹೊರಗೆ ಬಂದವು. ಹಾಲಿನಣ್ಣ ಬಾಗಿಲಿಗೆ ಕಿವಿಯಿಟ್ಟು "ಏನಂತೆ, ಏನಂತೆ?" ಅಂತ ಹಿಂದಿನವರಿಗೂ ದಾಟಿಸುತ್ತಿದ್ದ.

ಅಪ್ಪ ಬಟ್ಟೆ ತೆಗೆದು ಕೊಡವಿದರು. ಜುಟ್ಟು ಹೋಗಿತ್ತು. ಮೇಷ್ಟ್ರು ಮತ್ತೆ ಮೇಷ್ಟ್ರಾಗಿದ್ದರು. ಕೈಗನ್ನಡಿಯಲ್ಲಿ ಹಿಂಭಾಗವನ್ನೂ ನೋಡಿಕೊಂಡರು.

"ಸೂಪರ್ ರೀ! ನಿಮ್ಮ ಕೈಗೆ ನಿಮ್ಮ ಕೈಯೇ ಸಾಟಿ. ನೋಡಮ್ಮಾ, ಇದು ಕಟಿಂಗ್ ಅಂದ್ರೆ. ನಿನ್ನ ಥರ ಅಲ್ಲ."

ಅಪ್ಪ ಕತ್ತರಿ ಕೆಳಗಿಟ್ಟರು.

"ಸಾರ್, ಅವಳ ತಲೆ ಹಾಳು ಮಾಡಿದ್ದು ಅವಳಲ್ಲ. ನಾನೇ."

ಮೇಷ್ಟ್ರ ಎರಡೂ ಕೈ ತಲೆಗೆ ಹೋಯಿತು. ಮತ್ತೆ ಕನ್ನಡಿ ನೋಡಿದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಕಿವಿಗಳು ಇವೆಯೇ ಅಂತ ಮುಟ್ಟಿ ನೋಡಿಕೊಂಡರು.

"ಈಗ ಹೇಳ್ತೀರಲ್ರೀ! ಕೂರೋ ಮುಂಚೆ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೂರ್ತಿದ್ರಾ ಸಾರ್?" ಅಂದಳು ತರಲೆ.

ಮೇಷ್ಟ್ರು ಅವಳನ್ನು ನೋಡಿದರು, ಅಪ್ಪನನ್ನು ನೋಡಿದರು. ಮಾಸ್ಕಿನ ಮೇಲೆ ಅವರ ಕಣ್ಣು ಸಣ್ಣದಾಯಿತು.

"ಸುಳ್ಳು ಹೇಳಿದ್ದಕ್ಕೆ ರೌಂಡ್ ಹೊಡೀಲೇಬೇಕು," ಅಂದರು. "ಆದ್ರೆ ನಿಧಾನಕ್ಕೆ ಹೊಡಿ." ಹೊರಗೆ ಹೋಗಿ ಸಾಲಿನವರಿಗೆಲ್ಲ ತಲೆ ತೋರಿಸಿದರು.

ಹಾಲಿನಣ್ಣ ಒಳಗೆ ನುಗ್ಗುವವನಿದ್ದ. ಅಪ್ಪ ಕೈ ಅಡ್ಡ ಹಿಡಿದರು.

"ಒಂದ್ ನಿಮಿಷ ಇರಪ್ಪ. ಮುಂಚೆ ಇನ್ನೊಬ್ಬರು ಗಿರಾಕಿ ಇದಾರೆ."

ಅವರು ಕುರ್ಚಿಯ ಎರಡು ಕೈಗಳ ಮೇಲೆ ಮಕ್ಕಳನ್ನು ಕೂರಿಸುವ ಹಲಗೆ ಇಟ್ಟರು.

"ನಾನೇನು ಪಾಪುನಾ?" ಅಂದಳು ತರಲೆ.

"ತಪ್ಪಾಯ್ತು ಮೇಡಂ." ಅಪ್ಪ ಹಲಗೆ ತೆಗೆದು ಕುರ್ಚಿಯನ್ನೇ ಮೇಲಕ್ಕೆ ಏರಿಸಿದರು. ಬಿಳಿ ಬಟ್ಟೆ ಹೊದಿಸಿದರು, ಪೊದೆಗೆ ನೀರು ಹೊಡೆದರು.

ಕುರ್ಚಿಯಲ್ಲಿ ಕೂತ ಕೂಡಲೇ ತರಲೆಗೆ ಅಭ್ಯಾಸಬಲದಿಂದ ಬಾಯಿ ಮುಚ್ಚಿಹೋಯಿತು. ನೆಟ್ಟಗೆ, ಅಲ್ಲಾಡದೆ, ಒಳ್ಳೇ ಹುಡುಗಿಯಾಗಿ ಕೂತಳು. ಅಪ್ಪ ಕತ್ತರಿ ಎತ್ತಿದರು. ಕತ್ತರಿ ಸುಮ್ಮನಿತ್ತು.

ತರಲೆ ಕನ್ನಡಿಯಲ್ಲಿ ನೋಡಿದಳು. ಅಪ್ಪ ಅವಳ ತಲೆಯನ್ನು ನೋಡುತ್ತಿರಲಿಲ್ಲ. ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತಿದ್ದರು. ಕಾಯುತ್ತಿದ್ದರು.

"ಏನೇ, ಮಾತು ಖಾಲಿ ಆಯ್ತಾ?" ಅಂದರು ಅಪ್ಪ. "ಏನಾದ್ರೂ ಹೇಳೇ."

ಏನಾದ್ರೂ ಹೇಳೇ! ಲಾಕ್‌ಡೌನ್ ಶುರುವಾದ ದಿನದಿಂದ ಒಬ್ಬರಾದರೂ ಅವಳಿಗೆ ಹೀಗೆ ಹೇಳಿರಲಿಲ್ಲ.

"ಅಪ್ಪ," ಅಂದಳು ತರಲೆ, "ಆ ಹಲ್ಲಿ ಇದ್ಯಲ್ಲ, ಅದು ಇಷ್ಟು ದಿನ ಅಂಗಡೀಲಿ ಒಂದೇ ಕೂತು ಏನ್ ಮಾಡ್ತಿತ್ತು ಗೊತ್ತಾ?"

"ಏನ್ ಮಾಡ್ತಿತ್ತು?"

ಚಕ್ ಚಕ್ ಚಕ್ ಚಕ್.